ಮೊದಲ ಚಪ್ಪಾಳೆ

ಕೋಬೆ
ಅಕ್ಟೋಬರ್ ೩, ೧೯೮೩

ಅಪ್ಪಾ,

ನನಗೆ ಮದುವೆಯಾಯಿತು. ಇದನ್ನು ಮೊದಲ ಸಾಲಿನಲ್ಲೇ ಹೇಳದಿದ್ದರೆ ನಾನು ಸಿಡಿದೇ ಹೋಗುತ್ತಿದ್ದೆ. ಮೊದಲು ಹವಾಮಾನ, ಆಮೇಲೆ ಕೆಂಪಾದ ಎಲೆ, ಆಮೇಲೆ ನಿಮ್ಮ ಆರೋಗ್ಯ, ಕಡೆಗೆ ವಿಷಯ ಅಂತ ಬರೆಯಬೇಕೆಂದು ಗೊತ್ತು. ಆದರೆ ಇಂಗ್ಲಿಷಿನಲ್ಲೇ ಬೈದು ಇಂಗ್ಲಿಷಿನಲ್ಲೇ ಮುದ್ದಿಸುತ್ತಿದ್ದ ಕಾನ್ವೆಂಟಿನ ಸಿಸ್ಟರ್‌ಗಳು ಆ ಪದ್ಧತಿಯನ್ನು ನನಗೆ ಕಲಿಸಲೇ ಇಲ್ಲ. ತಪ್ಪು ಅವರದು.

ಕಳೆದ ಗುರುವಾರ ವಾರ್ಡ್ ಕಚೇರಿಯಲ್ಲಿ ಇಬ್ಬರೂ ಮದುವೆಯ ಕಾಗದಕ್ಕೆ ಮುದ್ರೆ ಒತ್ತಿದೆವು. ಗುಮಾಸ್ತ ತಲೆಯನ್ನೂ ಎತ್ತದೆ, “ಹ್ಞಾ, ಆಯ್ತು, ಮುಂದಿನೋರು ಬನ್ನಿ” ಅಂದ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಹುಚ್ಚರ ಹಾಗೆ ನಕ್ಕೆವು. ಆಮೇಲೆ ರೈಲು ಸೇತುವೆಯ ಕೆಳಗಿನ ಅಂಗಡಿಯಲ್ಲಿ ಬಿಸಿ ಉದೊನ್ ಶ್ಯಾವಿಗೆ ತಿಂದೆವು. ವಿಷಯ ತಿಳಿದ ಅಂಗಡಿಯಾಕೆ ನನ್ನ ಬಟ್ಟಲಿಗೆ ಇನ್ನೊಂದು ಮೊಟ್ಟೆ ಒಡೆದು ಹಾಕಿ, “ಗಂಡಂಗೆ ಇವತ್ತಿಂದ್ಲೇ ಪಾತ್ರೆ ತೊಳೆಯೋದು ಕಲಿಸು, ನಾಳೆ ಅಂದ್ರೆ ಕೆಟ್ಟೆ” ಅಂದಳು. ನಿಮಗೆ ಮುಂಚೆ ಹೇಳಲಿಲ್ಲ. ಹೇಳಿದ್ದರೆ ಬರುತ್ತಿದ್ದಿರೋ ಇಲ್ಲವೋ ಎಂದು ಕಾಯಬೇಕಾಗುತ್ತಿತ್ತು. ಕಾಯುವುದು ನನ್ನಿಂದ ಆಗಲಿಲ್ಲ, ಅಷ್ಟೆ.

ಅವನ ಹೆಸರು ನಾಕಾಯಿ ಶಿಗೆರು. ‘ಅವರು’ ಎಂದು ಬರೆಯಬೇಕೇನೋ, ಕೈ ಏಳುವುದಿಲ್ಲ. ಪಾರ್ಶ್ವವಾಯು ಬಡಿದವರಿಗೆ ಮತ್ತೆ ಚಮಚ ಹಿಡಿಯುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಮೆಟ್ಟಿಲು ಹತ್ತುವುದು ಇವನ್ನೆಲ್ಲ ಆಸ್ಪತ್ರೆಯಲ್ಲಿ ಕಲಿಸುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಕೈಕಾಲು ನೋಡುವ ಕೆಲಸ. ಆ ಚಾಳಿ ರೈಲಿನಲ್ಲೂ ಬಿಡುವುದಿಲ್ಲ. “ಆ ತಾತನ ಎಡ ಮಂಡಿ ನೋಡು, ಹೊರಟೋಗಿದೆ” ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಾನೆ. ಇಡೀ ಕೋಬೆಯಲ್ಲಿ ಇಷ್ಟು ಒಳ್ಳೆಯ ಮನುಷ್ಯನಿಲ್ಲ. ಸಂಗೀತ ಮಾತ್ರ ಒಂದಕ್ಷರ ಗೊತ್ತಿಲ್ಲ.

ಅದಕ್ಕೇ ಈ ಪತ್ರ. ಅವನ ಆಸ್ಪತ್ರೆಯವರು ನಮಗೆ ಸ್ಟೀರಿಯೊ ಉಡುಗೊರೆ ಕೊಟ್ಟಿದ್ದಾರೆ. ನನ್ನ ಬಳಿ ನೀವು ಪ್ರತಿ ಹುಟ್ಟುಹಬ್ಬಕ್ಕೂ ಕಳಿಸಿದ ಮುರೋಯಿ ಗೆನ್ಸಾಕು ಮೇಷ್ಟ್ರ ರೆಕಾರ್ಡುಗಳಿವೆ, ಎಲ್ಲವೂ ಕಾಗದ ಬಿಚ್ಚದೆ. ಅಜ್ಜಿಯ ಮನೆಯಲ್ಲಿ ರೆಕಾರ್ಡ್ ಹಾಕುವ ಯಂತ್ರವೇ ಇರಲಿಲ್ಲ ಎಂದು ನಿಮಗೆ ಯಾರೂ ಹೇಳಿರಲಿಲ್ಲ, ಅಲ್ಲವೇ? ಈಗ ಹೇಳಿ, ಯಾವುದನ್ನು ಮೊದಲು ಬಿಚ್ಚಲಿ? ಏನೂ ತಿಳಿಯದ ಗಂಡನಿಗೆ ಮೂರು ಆರಿಸಿಕೊಡಿ. ಮೇಷ್ಟ್ರು ಕೋಲು ಹಿಡಿದು ವಾದ್ಯವೃಂದ ನಡೆಸಿದ ಕಡೆಯ ಕಛೇರಿಗೆ ಮಾರ್ಚಿನಲ್ಲಿ ನಾವಿಬ್ಬರೂ ಒಸಾಕಾಗೆ ಹೋಗಿದ್ದೆವು. ಅದೇ ನಮ್ಮ ಮೊದಲ ಜೊತೆ ಓಡಾಟ. ಅದರ ವಿಷಯ ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಬನ್ನಿ ಅಪ್ಪಾ. ಒಂದು ಸಲ ಬನ್ನಿ.

ನಿಮ್ಮ ಮಗಳು
(ಈಗ ನಾಕಾಯಿ) ಚಿಹೋ


ಮೊರಿಯೋಕಾ
ಅಕ್ಟೋಬರ್ ೧೭

ಚಿಹೋ,

ಇವಾತೆ ಬೆಟ್ಟದ ತುದಿಗೆ ಹಿಮ ಬಿದ್ದಿದೆ. ಅಂಗಡಿಯಲ್ಲಿ ಒಲೆ ಹಚ್ಚಿದ್ದೇವೆ. ಮದುವೆಯ ವಿಷಯ ತಿಳಿಯಿತು. ಒಳ್ಳೆಯದು.

ಯಂತ್ರ ಇರಲಿಲ್ಲವೆಂಬುದು ನನಗೆ ತಿಳಿದಿರಲಿಲ್ಲ.

ಮೊದಲು ಹೈಡನ್, ಎಂಬತ್ತೆಂಟನೆಯ ಸಿಂಫನಿ. ಮುರೋಯಿ ಅದನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ನಿನ್ನ ಬಳಿ ಇರುವುದು ಬೂದು ಹೊದಿಕೆಯ ಹಳೆಯದು. ಯುದ್ಧ ಮುಗಿದು ಕೆಲವೇ ವರ್ಷವಾಗಿತ್ತು. ಹುಡುಗಿಯರ ಶಾಲೆಯೊಂದರ ವ್ಯಾಯಾಮಶಾಲೆಯಲ್ಲಿ, ಚಳಿಗಾಲದಲ್ಲಿ, ಓವರ್‌ಕೋಟು ತೊಟ್ಟೇ ನುಡಿಸಿದ್ದು. ಪಿಟೀಲಿನವರ ಬೆರಳು ಮರಗಟ್ಟಿರುವುದು ಕೇಳಿಸುತ್ತದೆ. ಎರಡನೆಯ ಭಾಗದಲ್ಲಿ ಯಾರೋ ಒಲೆಗೆ ಇದ್ದಿಲು ಹಾಕುವ ಸದ್ದೂ ಇದೆ. ಆದರೂ ಅಷ್ಟು ಸಂತೋಷದಿಂದ ಅದನ್ನು ಆಮೇಲೆ ಯಾರೂ ನುಡಿಸಲಿಲ್ಲ. ಹೊಸ ರೆಕಾರ್ಡನ್ನು ಕೊಳ್ಳಬೇಡ. ಅದು ಹಲ್ಲು ಕಟ್ಟಿಸಿಕೊಂಡ ಮೇಲಿನ ನಗು.

ದೀಪ ಆರಿಸಿ ಕೇಳಬೇಕು. ಏನೂ ತಿನ್ನಬಾರದು. ಮಾತು ಬೇಡ. ಗಿರಾಕಿಗಳು ಕಾಫಿ ಕುಡಿಯುತ್ತಾ ರೆಕಾರ್ಡು ಕೇಳುವ ನನ್ನ ಅಂಗಡಿಯ ಗೋಡೆಯ ಮೇಲೆ ಇಪ್ಪತ್ತು ವರ್ಷದಿಂದ ಇರುವುದೂ ಅಷ್ಟೆ: ಕಾಫಿ ಬೇಕಿದ್ದರೆ ಬೆರಳು ತೋರಿಸಿ, ಮಾತು ಬೇಡ.

ಎರಡನೆಯದನ್ನು ಆಮೇಲೆ ಹೇಳುತ್ತೇನೆ. ಮೂರನೆಯದು ನೀವು ಹೋಗಿದ್ದ ಆ ಒಸಾಕಾ ಕಛೇರಿಯೇ ಆಗಬೇಕಿತ್ತು. ಬ್ರಾಮ್ಸ್, ಮೂರನೆಯ ಸಿಂಫನಿ. ಎಫ್‌ಎಮ್‌ನಲ್ಲಿ ಬಂದಾಗ ನಾನು ಟೇಪಿಗೆ ಹಿಡಿದಿಟ್ಟಿದ್ದೇನೆ. ಆ ಕೃತಿ ಮೆಲ್ಲಗೆ ಆರಿಹೋಗುತ್ತದೆ. ಆಮೇಲೆ ಮುರೋಯಿ ಕೈ ಇಳಿಸದೆ ನಿಲ್ಲುತ್ತಾರೆ. ಅವರು ಕೈ ಇಳಿಸುವವರೆಗೆ ಇರುವ ಆ ಮೌನವೂ ಸಂಗೀತವೇ. ಬುದ್ಧಿ ಇರುವ ಯಾರೂ ಅದನ್ನು ಮುಟ್ಟುವುದಿಲ್ಲ. ಅಲ್ಲಿ ಒಬ್ಬ ಅವಿವೇಕಿ ಚಪ್ಪಾಳೆ ತಟ್ಟಿದ್ದಾನೆ. ಎರಡು ದಿನದ ಮೇಲೆ ಮುರೋಯಿ ತೀರಿಕೊಂಡರು. ಅವರ ಕೊನೆಯ ಮೌನ ಅದು. ವಸಂತದಲ್ಲಿ ಅದೇ ಕಛೇರಿ ರೆಕಾರ್ಡಾಗಿ ಬರಲಿದೆ. ಆ ಚಪ್ಪಾಳೆ ಕತ್ತರಿಸಿ ತೆಗೆಯಿರಿ ಎಂದು ಕಂಪನಿಗೆ ಬರೆದಿದ್ದೇನೆ. ನನ್ನ ಖಾಯಂ ಗಿರಾಕಿಗಳೆಲ್ಲ ಸಹಿ ಹಾಕಿದ್ದಾರೆ. ಆ ಕೈಗಳ ಒಡೆಯ ಎಂದಾದರೂ ಸಿಕ್ಕರೆ ನನ್ನ ಹೊಸ್ತಿಲು ತುಳಿಯಗೊಡುವುದಿಲ್ಲ.

ಬರಲಾಗುವುದಿಲ್ಲ. ಅಂಗಡಿ ನೋಡುವವರಿಲ್ಲ.

ಒಯಿಕಾವ ತೇಯಿಜಿ


ಕೋಬೆ
ನವೆಂಬರ್ ೬

ಅಪ್ಪಾ,

ಹೈಡನ್ ಕೇಳಿದೆವು. ದೀಪ ಆರಿಸಿ, ನೀವು ಹೇಳಿದ ಹಾಗೆ ನೆಟ್ಟಗೆ ಕುಳಿತು. ನೆಟ್ಟಗೆ ಕುಳಿತೇ ಶಿಗೆರು ನಿದ್ದೆಹೋದ. ಇದ್ದಿಲಿನ ಸದ್ದು ಬಂದಾಗ ಎಚ್ಚರಗೊಂಡು “ಯಾರು ಬಂದ್ರು?” ಅಂದ. ನಾನು ನಕ್ಕಿದ್ದು ಕೇಳಿ ಕೆಳಗಿನ ಮನೆಯ ಮಾಲೀಕಳು ಕೋಲಿನಿಂದ ಛಾವಣಿ ಕುಟ್ಟಿದಳು. ಬೆಳಿಗ್ಗೆ ಸಿಕ್ಕವಳೇ, “ಏನಮ್ಮಾ ಹೊಸ ಮದುಮಗಳೇ, ರಾತ್ರಿ ಸ್ಕೂಲಿನ ಬ್ಯಾಂಡನ್ನ ಊಟಕ್ಕೆ ಕರೆದಿದ್ರಾ?” ಎಂದು ಕೇಳಿದಳು. ಮಾರನೆಯ ದಿನ ಶಿಗೆರುವೇ ಇನ್ನೊಂದು ಸಲ ಹಾಕು ಅಂದ. ಕೊನೆಯ ಭಾಗಕ್ಕೆ ಅವನ ಕಾಲು ಕುಣಿಯಿತು. “ಇದಕ್ಕೆ ನಮ್ಮ ಪೇಷಂಟ್‌ಗಳನ್ನ ನಡೆಸ್ಬಹುದು” ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ನಾನು ಕೇಳುತ್ತಾ ಕುಳಿತಾಗ ಒಂದು ಆಸೆ ಹುಟ್ಟಿತು. ಆ ಮರಗಟ್ಟಿದ ಬೆರಳುಗಳನ್ನು ನನಗೆ ಕೇಳಿಸಲೆಂದು ನೀವು ಆರಿಸಿ, ಕಾಗದ ಸುತ್ತಿ, ಅಂಚೆಗೆ ಹಾಕಿದಿರಲ್ಲ, ಆ ಹುಟ್ಟುಹಬ್ಬಕ್ಕೆ ನನಗೆ ಎಷ್ಟು ವಯಸ್ಸಾಗಿತ್ತೆಂದು ತಿಳಿಯಬೇಕೆನಿಸಿತು. ಹೊದಿಕೆಯ ಮೇಲೆ ನೀವು ದಿನಾಂಕ ಬರೆದೇ ಇಲ್ಲ.

ಒಂದು ವಿಷಯ, ಸಿಟ್ಟಾಗಬೇಡಿ. ನಿಮ್ಮ ಪತ್ರವನ್ನು ಶಿಗೆರುಗೆ ತೋರಿಸಿದೆ. ಅವನು ಓದಲಿಲ್ಲ, ನೋಡಿದ. ಆಮೇಲೆ, “ಅಕ್ಷರ ಮೊದಲಿಂದ್ಲೂ ಹಿಂಗೇನಾ? ಸಾಲು ಹೋಗ್ತಾ ಹೋಗ್ತಾ ಸಣ್ಣ ಆಗಿ ಕೆಳಗೆ ಜಾರ್ತಾ ಇದೆ ನೋಡು. ಮಾವನ ಬಲಗೈಗೆ ಏನೋ ಆಗಿದೆ. ಡಾಕ್ಟ್ರಿಗೆ ತೋರಿಸ್ಕೊಳ್ಳಕ್ಕೆ ಹೇಳು” ಅಂದ. ನಿಮ್ಮ ಹಳೆಯ ಪತ್ರಗಳನ್ನು ತೆಗೆದು ಹೋಲಿಸಿದೆ. ನಿಜ. ತೋರಿಸಿಕೊಳ್ಳಿ ಅಪ್ಪಾ.

ಹೊಸ ವರ್ಷಕ್ಕೆ ಇಬ್ಬರೂ ಬರುತ್ತೇವೆ. ಬೇಡ ಎನ್ನಬೇಡಿ.

ಚಿಹೋ


ಮೊರಿಯೋಕಾ
ನವೆಂಬರ್ ೨೮

ಚಿಹೋ,

ಹಿಮ ಈ ವರ್ಷ ಬೇಗ ಬಂದಿದೆ, ಹೆಚ್ಚು ಬೀಳುವ ಲಕ್ಷಣವಿದೆ. ಹೊಸ ವರ್ಷಕ್ಕೆ ಬರಬೇಡಿ.

ಕೈ ಚಳಿಗೆ ಹೀಗಾಗಿದೆ. ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸುವ ಕೆಲಸವನ್ನು ಈಗ ಫುಮಿ ಮಾಡುತ್ತಾಳೆ. ನನ್ನ ತಂಗಿಗೆ ಐವತ್ತರ ಮೇಲೆ ಒಂದು ಕೆಲಸ ಬಂತು.

ಎರಡನೆಯದು ಶೂಬರ್ಟ್, ಅಪೂರ್ಣ ಸಿಂಫನಿ, ಅರವತ್ತಾರರ ರೆಕಾರ್ಡು. ಬೇರೆಯವರೆಲ್ಲ ಇದನ್ನು ನಡೆಸುವಾಗ ಅಳುತ್ತಾರೆ, ಅಳಿಸುತ್ತಾರೆ. ಮುರೋಯಿ ಏನೂ ಮಾಡುವುದಿಲ್ಲ. ಚೆಲ್ಲೊಗಳು ಹಾಡಿ ಥಟ್ಟನೆ ನಿಲ್ಲುವ ಜಾಗ ಬರುತ್ತದೆ. ಅಲ್ಲಿ ಅವರು ಎಷ್ಟು ಮೌನ ಬಿಡಬೇಕೋ ಅಷ್ಟು ಬಿಡುತ್ತಾರೆ. ಹೆಚ್ಚಲ್ಲ, ಕಡಿಮೆಯಲ್ಲ. ಅಷ್ಟನ್ನು ಬಿಡಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಾಣೆ.

ನಿನ್ನ ತಾಯಿ ತೀರಿಕೊಂಡಾಗ ನಿನಗೆ ಒಂಬತ್ತು. ಅವಳು ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟಾಗ ನಾನು ಅಂಗಡಿಯಲ್ಲಿದ್ದೆ. ಓಡಿಹೋಗುವಷ್ಟರಲ್ಲಿ ನರ್ಸುಗಳು ಹಾಸಿಗೆಯ ಬಟ್ಟೆ ಮಡಿಸುತ್ತಾ, ಮಧ್ಯಾಹ್ನದ ಊಟಕ್ಕೆ ಏನಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಒಂದು ಗಳಿಗೆ ಯಾರೂ ಸುಮ್ಮನಿರಲಿಲ್ಲ. ಅಂದಿನಿಂದ ನನಗೆ ಮಾತು ಸೇರುವುದಿಲ್ಲ. ನಿನ್ನನ್ನು ಅಜ್ಜಿಯ ಮನೆಗೆ ಕಳಿಸಿದ್ದೂ ಅದಕ್ಕೇ. ನೀನು ಬಹಳ ಮಾತಾಡುತ್ತಿದ್ದೆ.

ಆ ಟೇಪನ್ನು ದಿನಾ ಕೇಳುತ್ತೇನೆ. ಚಪ್ಪಾಳೆಯವನು ಗಂಡಸು, ಅಂಗೈ ಅಗಲ, ವಯಸ್ಸು ಚಿಕ್ಕದು. ಕೊನೆಯ ಟ್ರಾಮ್ ತಪ್ಪೀತೆಂಬ ಅವಸರ. ಇಷ್ಟೂ ಸದ್ದಿನಲ್ಲೇ ತಿಳಿಯುತ್ತದೆ. ನಾಲ್ಕು ಸಲ ಒಬ್ಬನೇ ತಟ್ಟುತ್ತಾನೆ. ಆಮೇಲೆ ಏನೋ ಉರುಳುತ್ತದೆ, ಕುರ್ಚಿಯೋ ಏನೋ. ಆಮೇಲೆ ಮಂದೆ ಸೇರಿಕೊಳ್ಳುತ್ತದೆ.

ನೀನು ಸಭೆಯಲ್ಲಿದ್ದೆ. ಅವನನ್ನು ನೋಡಿದೆಯಾ?

ತೇಯಿಜಿ


ಕೋಬೆ
ಡಿಸೆಂಬರ್ ೧೧

ಅಪ್ಪಾ,

ನೋಡಿದೆ. ನನ್ನ ಪಕ್ಕದಲ್ಲೇ ಇದ್ದ. ಹೆಸರು ಶಿಗೆರು.

ಎದುರಿಗೆ ಕುಳಿತು ಹೇಳಬೇಕೆಂದಿದ್ದೆ. ಅವನ ಮುಖ ನೋಡುತ್ತಾ ನೀವು ಇದನ್ನು ಕೇಳಬೇಕಿತ್ತು. ನೀವು ಬರುವುದಿಲ್ಲ, ನಮ್ಮನ್ನೂ ಬರಗೊಡುವುದಿಲ್ಲ, ಕೇಳಿಯೂ ಬಿಟ್ಟಿದ್ದೀರಿ. ಹಾಗಾಗಿ ಬರೆಯುತ್ತೇನೆ.

ನಮಗೆ ಸಿಕ್ಕಿದ್ದು ಎಲ್ಲಕ್ಕಿಂತ ಅಗ್ಗದ ಸೀಟು. ಆ ಹೊಸ ಸಭಾಂಗಣದಲ್ಲಿ ವೇದಿಕೆಯ ಹಿಂದೆಯೂ ಕೂರಿಸುತ್ತಾರೆ. ತುತ್ತೂರಿಯವರ ಬೆನ್ನ ಹಿಂದಿನ ಸಾಲು. ಅಲ್ಲಿ ಸಂಗೀತ ತಲೆಕೆಳಗಾಗಿ ಕೇಳಿಸುತ್ತದೆ ಎಂದು ಬಲ್ಲವರು ಅಲ್ಲಿ ಕೂರುವುದಿಲ್ಲ. ಆದರೆ ಮೇಷ್ಟ್ರ ಮುಖ ಕಾಣುವುದು ಅಲ್ಲಿಂದ ಮಾತ್ರ. ಇಡೀ ಸಭೆಗೆ ಕಾಣುವುದು ಅವರ ಬೆನ್ನು.

ಕೊನೆಯ ಸ್ವರ ಆರಿತು. ಅವರ ಕೈ ಮೇಲೇ ಇತ್ತು. ನಾನು ಕಣ್ಣು ಮುಚ್ಚಿಕೊಂಡೆ. ನಿಮ್ಮ ಮಗಳಲ್ಲವೇ, ಹಾಗೇ ಕೇಳಬೇಕೆಂದುಕೊಂಡಿದ್ದೆ. ಶಿಗೆರು ಮುಚ್ಚಲಿಲ್ಲ. ಮೇಷ್ಟ್ರ ಬಾಯಿಯ ಒಂದು ಮೂಲೆ ಜಾರಿದ್ದನ್ನು ಅವನು ಕಂಡ. ಕಣ್ಣು ಯಾರನ್ನೋ ಹುಡುಕುತ್ತಿದ್ದುದನ್ನು ಕಂಡ. “ಅವ್ರು ಕೈ ಎತ್ತಿ ಹಿಡ್ಕೊಂಡಿರ್ಲಿಲ್ಲ ಚಿಹೋ, ಇಳಿಸಕ್ಕೆ ಆಗ್ತಿರ್ಲಿಲ್ಲ” ಎಂದು ಆಮೇಲೆ ಹೇಳಿದ. ವಾದ್ಯದವರೆಲ್ಲ ತಲೆ ತಗ್ಗಿಸಿ ಉಸಿರು ಹಿಡಿದಿದ್ದರು, ಸಭೆ ಉಸಿರು ಹಿಡಿದಿತ್ತು. ಅವರು ಕೈ ಇಳಿಸುವವರೆಗೆ ಯಾರೂ ಅಲುಗಾಡುವ ಹಾಗಿಲ್ಲ. ಯಾರೂ ಅಲುಗಾಡದೆ ಅವರ ಹತ್ತಿರ ಯಾರೂ ಹೋಗುವ ಹಾಗಿಲ್ಲ. ಅದಕ್ಕೇ ತಟ್ಟಿದ. ಬೇರೆ ಏನು ಮಾಡಲು ಬರುತ್ತದೆ ಅಲ್ಲಿ, ಒಬ್ಬ ಪ್ರೇಕ್ಷಕನಿಗೆ? ಮೊದಲ ಪಿಟೀಲಿನ ಮುದುಕ ಸಿಟ್ಟಿನಿಂದ ತಲೆಯೆತ್ತಿದರು, ಮೇಷ್ಟ್ರನ್ನು ನೋಡಿದರು, ಎದ್ದು ಹೋಗಿ ಮೊಣಕೈ ಹಿಡಿದುಕೊಂಡರು. ಸಭೆಗೆ ಅದು ಇಬ್ಬರು ಗೆಳೆಯರ ಅಪ್ಪುಗೆಯ ಹಾಗೆ ಕಂಡಿತು.

ಹೊರಗೆ ಮೆಟ್ಟಿಲ ಬಳಿ ಒಬ್ಬಾತ ಅವನ ತೋಳು ಹಿಡಿದು, “ಏಯ್, ಸುಮೊ ಕುಸ್ತಿ ಅಂದ್ಕೊಂಡು ಬಂದ್ಯೇನೋ ದಡ್ಡ ನನ್ಮಗನೇ?” ಅಂದ. ಶಿಗೆರು ಬಗ್ಗಿ ಕ್ಷಮೆ ಕೇಳಿದ. ಇನ್ನೊಬ್ಬ ಹೆಂಗಸು ಬೈದಳು, ಅವಳಿಗೂ ಬಗ್ಗಿದ. ಯಾಕೆ ನಿಜ ಹೇಳಲಿಲ್ಲ ಎಂದು ರೈಲಿನಲ್ಲಿ ಕೇಳಿದೆ. “ಅಷ್ಟು ದೊಡ್ಡ ಮನುಷ್ಯ, ಎಲ್ರ ಮುಂದೆ ಕೈ ಇಳಿಸ್ಲಾರ್ದೆ ನಿಂತಿದ್ರು ಅಂತ ನಾನ್ಯಾಕೆ ಊರೆಲ್ಲ ಹೇಳ್ಲಿ” ಅಂದ. ಅವನನ್ನೇ ಮದುವೆಯಾಗುತ್ತೇನೆಂದು ನಾನು ತೀರ್ಮಾನಿಸಿದ್ದು ಆ ರೈಲಿನಲ್ಲಿ.

ನಿಮ್ಮ ಹೊಸ್ತಿಲು ನಿಮ್ಮದು. ಆದರೆ ನೀವು ನನ್ನ ಮದುವೆಯನ್ನು ಕೇಳಿದ್ದು ಒಂದು ಸಾಲಿನಲ್ಲಿ, ಅವನನ್ನು ಕೇಳಿದ್ದು ನಾಲ್ಕು ಸದ್ದಿನಲ್ಲಿ. ಎರಡನ್ನೂ ನೋಡಲು ಬರಲಿಲ್ಲ.

ಚಿಹೋ


ಮೊರಿಯೋಕಾ
ಜನವರಿ ೨೦, ೧೯೮೪

ಚಿಹೋ ಕಂದಾ,

ನಾನು ಬರೆದಿದ್ದೇನೆಂದು ನಿನ್ನಪ್ಪನಿಗೆ ತಿಳಿಯಬಾರದು. ಹೊಸ ವರ್ಷದ ಮೋಚಿ ಅಕ್ಕಿ ಕಡುಬು ಇನ್ನೂ ಒಣಗಿರಲಿಲ್ಲ, ಆಗ ಅವನು ಅಂಗಡಿಯಲ್ಲಿ ಬಿದ್ದ. ಆ ಹಾಳು ಟೇಪು ತಿರುಗುತ್ತಲೇ ಇತ್ತು, ಗಿರಾಕಿಗಳಿಬ್ಬರು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು. ಮಾತಾಡಬಾರದಲ್ಲ, ಅದಕ್ಕೇ ಅವನೂ ಕೂಗಲಿಲ್ಲ. ನಾನು ಅಡುಗೆಮನೆಯಿಂದ ಬರುವವರೆಗೆ ನೆಲದ ಮೇಲೇ ಇದ್ದ. “ಕೂಗಬಾರ್ದೇನೋ ಪಾಪಿ” ಅಂದರೆ, “ಇನ್ನೂ ಮುಗಿದಿರ್ಲಿಲ್ಲ ಕಣೇ” ಅಂತಾನೆ.

ತಲೆಯೊಳಗೆ ಗಡ್ಡೆ. ಬೇಸಿಗೆಯಿಂದಲೂ ಇದ್ದಿರಬೇಕು, ಕೈ ಅದಕ್ಕೇ ಹಾಗಾಗಿತ್ತು ಎಂದರು ಡಾಕ್ಟರು. ತಲೆ ತೆರೆದರೆ ಒಂದಷ್ಟು ತಿಂಗಳು ಸಿಗಬಹುದು, ಕಿವಿ ಉಳಿಯುವುದು ಅನುಮಾನವಂತೆ. ಒಲ್ಲೆ ಎಂದಿದ್ದಾನೆ. ನಾನೂ ಗಿರಾಕಿಗಳೂ ಸರದಿಯ ಮೇಲೆ ಹೋಗಿ ಬೇಡಿಕೊಂಡಿದ್ದೇವೆ. ಗೋಡೆಯ ಕಡೆ ತಿರುಗಿ ಮಲಗುತ್ತಾನೆ.

ನಿನ್ನ ಪತ್ರ ಬಂದ ದಿನದಿಂದ ನಿನ್ನ ಹೆಸರೆತ್ತಿಲ್ಲ. ಪತ್ರವನ್ನು ಮಾತ್ರ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ. ಟೇಪ್ ಯಂತ್ರವನ್ನು ಆಸ್ಪತ್ರೆಗೆ ಹೊತ್ತು ತರಿಸಿಕೊಂಡ. ನೀನು ಬಂದರೆ ಹಾಸಿಗೆ ಬಿಟ್ಟು ಎದ್ದು ಹೋಗುತ್ತೇನೆ ಎನ್ನುತ್ತಾನೆ. ಎದ್ದಾನು ಕೂಡ, ಆ ಜಾತಿಯವನೇ. ಕರೆಯುವವರೆಗೆ ತಡಿ ಮಗಳೇ.

ನಿನ್ನ ಗಂಡ ಬರಿಯ ಅಕ್ಷರ ನೋಡಿ ಹೇಳಿದನಂತಲ್ಲ. ನಾನು ದಿನಾ ಅವನ ಕೈಗೆ ಬಟ್ಟಲು ಕೊಡುತ್ತಿದ್ದವಳು, ನನಗೆ ತಿಳಿಯಲಿಲ್ಲ.

ಫುಮಿ ಅತ್ತೆ


ಮೊರಿಯೋಕಾ
ಫೆಬ್ರವರಿ ೧೦

ಚಿಹೋ,

ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ನಾನು ಹೇಳಿದ್ದನ್ನು ಫುಮಿ ಬರೆಯುತ್ತಿದ್ದಾಳೆ. ನಡುವೆ ಅಳಬಾರದೆಂದು ಹೇಳಿದ್ದೇನೆ.

ನಿನ್ನ ಪತ್ರ ಓದಿ, ಅಳಿಯನನ್ನು ಕಾಪಾಡಲು ಕಟ್ಟಿದ ಕಥೆ ಅಂದುಕೊಂಡೆ. ಸುಳ್ಳೆಂದು ತೋರಿಸಲು ಟೇಪು ಕೇಳಿದೆ. ದಿನಾ ಕೇಳಿದೆ. ಮೊದಲ ತಟ್ಟು ಗಟ್ಟಿ. ಎರಡನೆಯದು ತಡವಾಗಿ ಬರುತ್ತದೆ, ಮೆತ್ತಗೆ. ಟ್ರಾಮ್ ಹಿಡಿಯುವವನು ಹಾಗೆ ತಟ್ಟುವುದಿಲ್ಲ. ಬೆಚ್ಚಿಬಿದ್ದ ಮಗುವಿನ ಬೆನ್ನು ತಟ್ಟುವಾಗ ಹಾಗೆ ಬರುತ್ತದೆ. ನಾಲ್ಕನೆಯದರ ನಂತರ ಏನೋ ಉರುಳುವ ಸದ್ದಿದೆ ಎಂದಿದ್ದೆನಲ್ಲ, ಕುರ್ಚಿ ಎಂದು. ಕುರ್ಚಿಯಲ್ಲ. ಬಹಳ ಹಗುರ, ಮರದ್ದು, ಮರದ ಮೇಲೆ ಬಿದ್ದಿದ್ದು. ಅದು ಮುರೋಯಿ ಅವರ ಕೋಲು. ಅಲ್ಲವೇ ಎಂದು ಶಿಗೆರುವನ್ನು ಕೇಳು. ನೀನು ಅದನ್ನು ಬರೆದಿರಲಿಲ್ಲ.

ಅಷ್ಟು ಸಲ ಕೇಳಿದೆ. ಒಬ್ಬ ಮನುಷ್ಯನ ಕೈ ಸತ್ತುಹೋಗುವ ಹೊತ್ತನ್ನು ಎಲ್ಲಕ್ಕಿಂತ ಸುಂದರವಾದ ಮೌನವೆಂದು ಗಿರಾಕಿಗಳಿಗೆ ಬಡಿಸಿದೆ.

ಕಂಪನಿಗೆ ಬರೆಸಿದ್ದೇನೆ. ಚಪ್ಪಾಳೆಯನ್ನು ತೆಗೆಯಬೇಡಿ ಎಂದು.

ಡಾಕ್ಟರು ಮತ್ತೆ ಬಂದಿದ್ದರು. ಫುಮಿ ಇದ್ದಾಳೆ, ಗಿರಾಕಿಗಳು ಬರುತ್ತಾರೆ. ಎಲ್ಲರೂ ಒಳ್ಳೆಯವರು. ಎಲ್ಲರೂ ನನ್ನ ಬೆನ್ನು ನೋಡಿಕೊಂಡು ಉಸಿರು ಹಿಡಿದು ಕುಳಿತಿದ್ದಾರೆ. ಇದು ಮುಗಿಯಿತು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗೂ ತೋಳು ನೋಯುತ್ತಿದೆ.

ಮೂರನೆಯ ರೆಕಾರ್ಡು ಈ ಟೇಪೇ. ಅಂಚೆಯಲ್ಲಿ ಕಳಿಸುವುದಿಲ್ಲ. ಇಲ್ಲಿಗೆ ಬಂದು ಕೇಳಬೇಕು. ಅವನನ್ನು ಕರೆದುಕೊಂಡು ಬಾ.

ಅಪ್ಪ


ಕೋಬೆ
ಫೆಬ್ರವರಿ ೧೪
ಎಕ್ಸ್‌ಪ್ರೆಸ್ ಅಂಚೆ

ಅಪ್ಪಾ,

ಫುಮಿ ಅತ್ತೆ ನಿನ್ನೆ ಸಂಜೆ ಫೋನ್ ಮಾಡಿದ್ದರು. ನೀವೀಗ ಕಣ್ಣು ತೆರೆಯುತ್ತಿಲ್ಲವಂತೆ, ಹೆಸರು ಹಿಡಿದು ಕರೆದರೆ ಹುಬ್ಬು ಮಾತ್ರ ಅಲುಗುತ್ತದಂತೆ. ನಾನು ಫೋನಿನ ಹತ್ತಿರವೇ ನೆಲಕ್ಕೆ ಕುಳಿತುಬಿಟ್ಟೆ. ಶಿಗೆರು ಬಂದು ಪಕ್ಕದಲ್ಲಿ ಕುಳಿತ. “ಕಿವಿ ಎಲ್ಲಕ್ಕಿಂತ ಕೊನೇಗೆ ಹೋಗೋದು. ಈಗ್ಲೇ ಬರಿ, ಅತ್ತೆ ಓದಿ ಹೇಳ್ತಾರೆ” ಅಂದ. ಹಾಗಾಗಿ ಅತ್ತೇ, ಇದನ್ನು ಅಪ್ಪನ ಕಿವಿಯ ಹತ್ತಿರ ಕುಳಿತು ಓದಿ. ಗಟ್ಟಿಯಾಗಿ ಓದಿ. ಮಾತು ಬೇಡ ಎನ್ನುವ ಹಲಗೆ ಆಸ್ಪತ್ರೆಯಲ್ಲಿಲ್ಲ.

ಹೌದು ಅಪ್ಪಾ, ಅದು ಕೋಲೇ. ಶಿಗೆರುಗೆ ನೀವು ಹೇಳಿದ್ದನ್ನು ಓದಿ ಹೇಳಿದೆ. “ಬೆರಳು ಬಿಟ್ಕೊಳ್ತು. ನಾನು ತಟ್ಟೋದು ನಿಲ್ಸಿದ್ದು ಅದನ್ನ ನೋಡಿನೇ. ಅದು ರೇಡಿಯೋದಲ್ಲಿ ಕೇಳಿಸ್ತಾ?” ಅಂದ. ನಾನು ಕಣ್ಣು ಮುಚ್ಚಿಕೊಂಡಿದ್ದೆನಲ್ಲ, ನನಗೆ ಅದು ಗೊತ್ತೇ ಇರಲಿಲ್ಲ. ಒಸಾಕಾದಲ್ಲಿ ಅವನು ಕಂಡಿದ್ದನ್ನು ಮೊರಿಯೋಕಾದಲ್ಲಿ ನೀವು ಕೇಳಿದ್ದಿರಿ. ನೀವಿಬ್ಬರೂ ಒಬ್ಬರನ್ನೊಬ್ಬರು ಇನ್ನೂ ನೋಡಿಲ್ಲ.

ನಾನು ಬಂದು ಬಹಳ ಮಾತಾಡುತ್ತೇನೆ. ಒಂಬತ್ತು ವರ್ಷದವಳಿದ್ದಾಗ ಅರ್ಧಕ್ಕೆ ನಿಂತಿದ್ದೆಲ್ಲ ಇದೆ. ಕಾನ್ವೆಂಟಿನ ಅನ್ನದ ಕಥೆ, ಅಜ್ಜಿ ನಿಮ್ಮ ರೆಕಾರ್ಡುಗಳನ್ನು ಹುಳ ಬಾರದಂತೆ ಕರ್ಪೂರ ಹಾಕಿ ಕಿಮೊನೊ ಪೆಟ್ಟಿಗೆಯಲ್ಲಿ ಇಟ್ಟಿದ್ದ ಕಥೆ, ಇವತ್ತಿಗೂ ಹೈಡನ್ ತೆಗೆದರೆ ಮನೆಯೆಲ್ಲ ಕರ್ಪೂರ ವಾಸನೆ ಬರುವ ಕಥೆ. ಸಾಕು ಅನ್ನಿಸಿದರೆ ಹುಬ್ಬು ಗಂಟಿಕ್ಕಿ.

ಆಮೇಲೆ ಟೇಪು ಹಾಕುತ್ತೇವೆ. ಶಿಗೆರು ನಿಮ್ಮ ಎದುರಿಗೆ, ಮುಖ ಕಾಣುವ ಹಾಗೆ ಕೂರುತ್ತಾನೆ. ನಾನು ಈ ಸಲ ಕಣ್ಣು ಮುಚ್ಚುವುದಿಲ್ಲ. ಯಾರೂ ತಟ್ಟದೆ ನಿಮ್ಮನ್ನು ಹಾಗೇ ನಿಲ್ಲಿಸಿರುವುದಿಲ್ಲ ಅಪ್ಪಾ. ಆ ಹೊತ್ತು ಬಂದರೆ ಮೊದಲ ಕೈ ನನ್ನದು. ಅದು ಹೇಗೆಂದು ಶಿಗೆರು ಹೇಳಿಕೊಡುತ್ತಾನಂತೆ.

ನಾವು ಬರುವ ಮೊದಲೇ ತೋಳು ಬಹಳ ನೊಂದರೆ ಇಳಿಸಿಬಿಡಿ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಆಸ್ಪತ್ರೆಯಲ್ಲಿ ಶಿಗೆರುವಿನ ಕೆಲಸಕ್ಕೆ ಬದಲಿ ಜನ ನಾಳೆ ಸಂಜೆ ಬರುತ್ತಾರೆ. ನಾಳಿದ್ದು ಬೆಳಗಿನ ಮೊದಲ ರೈಲಿಗೆ ಕೋಬೆ ಬಿಡುತ್ತೇವೆ. ಹಿಮದಿಂದ ತಡವಾಗಬಹುದು, ನಿಲ್ಲುವುದಿಲ್ಲ ಎಂದು ಸ್ಟೇಷನ್ನಿನವರು ಹೇಳಿದ್ದಾರೆ.

ನಿಮ್ಮ ಮಗಳು ಚಿಹೋ

ಗುರುವಾರ, ಫೆಬ್ರವರಿ ಹದಿನಾರು. ಒಮಿಯಾದಿಂದ ಮಧ್ಯಾಹ್ನ ಮೊರಿಯೋಕಾಗೆ ಹೊರಡುವ ಯಮಬಿಕೊ ರೈಲು.